ಅಲೆಮಾರಿಯ ಗುಡಾರವೂ ಛಾಯಾಚಿತ್ರಕಾರನ ದೃಷ್ಟಿಯೂ

ಅಮೆರಿಕದ ಮೂಲನಿವಾಸಿಗಳ ಛಾಯಾಚಿತ್ರಗಳಲ್ಲಿ ಎಡ್ವರ್ಡ್ ಕರ್ಟಿಸನ ಸಂಗ್ರಹದಷ್ಟು ಪ್ರಸಿದ್ಧವಾದುದು ಮತ್ತೊಂದಿಲ್ಲ. 1907ರಿಂದ 1930ರವರೆಗೆ 20 ಸಂಪುಟಗಳಾಗಿ ಹೊರಬಂದ ಆ ಮಹಾಗ್ರಂಥದಲ್ಲಿ, ಬಯಲಿನ ನಡುವೆ ಶಂಕುವಿನಾಕಾರದಲ್ಲಿ ನಿಂತ ಟೀಪೀ ಎಂಬ ಗುಡಾರಗಳ ಗಾಂಭೀರ್ಯವನ್ನು ಕಂಡು ತಲೆದೂಗದಿರುವ ರಸಿಕನಿರಲಾರನು. ಆದರೆ 1910ರಲ್ಲಿ ಪೀಗನ್ ಜನರ ಗುಡಾರವೊಂದರೊಳಗೆ ಲಿಟ್ಲ್ ಪ್ಲೂಮನೂ ಅವನ ಮಗ ಯೆಲ್ಲೋ ಕಿಡ್ನಿಯೂ ಕುಳಿತಿರುವಾಗ ತೆಗೆದ ಚಿತ್ರದ ಮೂಲಫಲಕದಲ್ಲಿ ಅವರಿಬ್ಬರ ನಡುವೆ ಗಡಿಯಾರವೊಂದು ಸ್ಪಷ್ಟವಾಗಿ ಕಾಣುವುದು. ಅಚ್ಚಾದ ಪ್ರತಿಯಲ್ಲಿ ಅದನ್ನು ಅಳಿಸಲಾಗಿದೆ. ಕಾಡೆಮ್ಮೆಗಳ ಹಿಂಡುಗಳು ನಾಶವಾದ ಮೇಲೆ ಚರ್ಮಕ್ಕೆ ಬದಲಾಗಿ ಕ್ಯಾನ್ವಾಸನ್ನು ಹೊದಿಸಿ ಟೀಪೀಯನ್ನು ಉಳಿಸಿಕೊಂಡ ಆ ಜನರು ಕಾಲದೊಡನೆ ಹೆಜ್ಜೆಯಿಟ್ಟವರು. ಅವರನ್ನು ಕಾಲದಿಂದಲೇ ಹೊರಗಿಟ್ಟು ಚಂದಗಾಣಿಸಿದುದು ಕರ್ಟಿಸನ ಕಲೆಗೆ ತಗುಲಿದ ಅಳಿಯದ ಕಳಂಕವೆಂದೇ ನನ್ನ ಅಭಿಪ್ರಾಯ.

ನಮ್ಮ ಮುಂಬಯಿ ಪ್ರಾಂತದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಮುಂಬಯಿಯ ಜನಜಾತಿಗಳನ್ನು ಕುರಿತು ವಿಲಿಯಂ ಜಾನ್ಸನ್ 1863 ಮತ್ತು 1866ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ, ಒಂದೆಡೆ ತೆಗೆದ ಮನುಷ್ಯರ ಚಿತ್ರಗಳನ್ನು ಬೇರೊಂದೆಡೆಯ ಹಿನ್ನೆಲೆಗೆ ಜೋಡಿಸಲಾಗಿದೆ. ವಾಟ್ಸನ್ ಮತ್ತು ಕೇ ಅವರು 1868ರಿಂದ 1875ರವರೆಗೆ ಭಾರತದ ಜನರನ್ನು ಕುರಿತು ಸಂಪಾದಿಸಿದ, 468 ಚಿತ್ರಗಳುಳ್ಳ ಎಂಟು ಸಂಪುಟಗಳಲ್ಲಾದರೋ, ಚಿತ್ರದೊಡನೆ ಬರುವ ವಿವರಣೆಯು ಒಂದು ಕುಲಕ್ಕೆ ಕುಲವನ್ನೇ ಕಳ್ಳರೆಂದು ತೀರ್ಮಾನಿಸಲು ಹಿಂಜರಿಯುವುದಿಲ್ಲ. ಆ ಸಂಪುಟಗಳು ಹೊರಬರುತ್ತಿದ್ದಾಗಲೇ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆ ಜಾರಿಗೆ ಬಂದಿತೆಂಬುದನ್ನು ಓದುಗರು ಗಮನಿಸತಕ್ಕದ್ದು.

ಅದೇ ಹೆಸರಿನ 1911ರ ಹೊಸ ಕಾಯಿದೆಯ ತರುವಾಯ ಸೊಲ್ಲಾಪುರದ ಸೆಟ್ಲಮೆಂಟಿನಲ್ಲಿ ಪಾರ್ಧಿ, ಕೈಕಾಡಿ, ಕಂಜರಭಾಟ ಮೊದಲಾದವರನ್ನು ತಂತಿಬೇಲಿಯೊಳಗೆ ಇರಿಸಿ, ಹಾಜರಿ ಕೂಗಿ, ಗಿರಣಿಯ ಕೂಲಿಗೆ ಹಚ್ಚಿದರು. ಜಾನ್ಸನನು ಕಾಗದದ ಮೇಲೆ ಮಾಡಿದುದನ್ನು ಸರಕಾರವು ನೆಲದ ಮೇಲೆಯೇ ಮಾಡಿತು: ಗುಡಾರದಿಂದ, ಎತ್ತುಕತ್ತೆಗಳಿಂದ, ನಡೆದ ದಾರಿಯಿಂದ ಮನುಷ್ಯನನ್ನು ಬೇರ್ಪಡಿಸಿತು. ದೇಶ ಸ್ವತಂತ್ರವಾಗಿ ಐದು ವರ್ಷ ಕಳೆದ ಬಳಿಕ, 1952ರ ಆಗಸ್ಟ್ 31ರಂದು, ಅವರಿಗೆ ಆ ಕಾಯಿದೆಯಿಂದ ಬಿಡುಗಡೆಯಾಯಿತು.

ಆದುದರಿಂದ ಇಂತಹ ಚಿತ್ರವನ್ನು ಬೆಳಕು ನೆರಳುಗಳ ಸೊಗಸಿನಿಂದ ಮಾತ್ರ ಅಳೆಯುವ ವಿಮರ್ಶೆಯು ಅರ್ಧ ವಿಮರ್ಶೆ. ಗುಡಾರದ ಒಳಗೇನಿತ್ತು, ಒಲೆ ಎತ್ತ ಕಡೆಗಿತ್ತು, ಹರಕುಬಟ್ಟೆಯ ತೇಪೆಯನ್ನು ಯಾರು ಹೊಲಿದರು, ಚಿತ್ರ ತೆಗೆಸಿಕೊಳ್ಳಲು ಅವರು ಒಪ್ಪಿದ್ದರೇ ಎಂದು ಸಹ ಕೇಳಬೇಕು. ಕರ್ಟಿಸನ ದೋಷವೇನೇ ಇರಲಿ, ಅನೇಕರ ಹೆಸರುಗಳನ್ನು ಅವನು ಬರೆದಿಟ್ಟನು. ಅದರಿಂದ ಮೊಮ್ಮಕ್ಕಳಿಗೆ ಅಜ್ಜನ ಮುಖ ದೊರೆಯಿತು. ನಮ್ಮ ಅಲೆಮಾರಿಗಳ ಹಳೆಯ ಚಿತ್ರಗಳ ಕೆಳಗೆ ಬಹುಮಟ್ಟಿಗೆ ಜಾತಿಯ ಹೆಸರಷ್ಟೇ ಉಳಿದಿರುವುದು ದುಃಖದ ಸಂಗತಿ.

ಸಲಗರ ಬುದ್ರುಕವೇ ಮೊದಲಾದ ಸೊಲ್ಲಾಪುರ ಸೀಮೆಯ ಕನ್ನಡ ಹಳ್ಳಿಗಳ ಚರಿತ್ರೆಯನ್ನು ಬರೆಯುವವರಲ್ಲಿ ನನ್ನದೊಂದು ವಿನಂತಿ. ಜೋಳದ ರಾಶಿ ಮುಗಿದ ಹೊಲದಂಚಿನಲ್ಲಿ ಬೀಡುಬಿಟ್ಟವರೂ ಆ ಚರಿತ್ರೆಯ ಪಾಲುದಾರರೇ. ಅವರ ಹಳೆಯ ಚಿತ್ರ ಕೈಗೆ ಬಂದರೆ ಅದನ್ನು ಹಳೆಯ ಅಡಿಬರಹದೊಡನೆ ಅಚ್ಚು ಹಾಕಿಸಬೇಡಿರಿ. ಮೊದಲು ಸೆಟ್ಲಮೆಂಟಿನ ಓಣಿಗಳಿಗೂ ತಾಂಡಾಗಳಿಗೂ ಕೊಂಡೊಯ್ದು ಅಲ್ಲಿಯ ವೃದ್ಧರಿಗೆ ತೋರಿಸಿ, ಅವರು ಹೇಳಿದ ಹೆಸರನ್ನೇ ಅದರ ಕೆಳಗೆ ಬರೆಯಿರಿ.