ಒಪ್ಪಿಗೆ ಯಾವ ಭಾಷೆಯಲ್ಲಿ? ಜತ್ತ ಸೀಮೆಯ ಒಂದು ಎಚ್‌ಐವಿ ಪರೀಕ್ಷಾ ಪತ್ರದ ಓದು

ಇವತ್ತು ನಾನು ಕಥೆ, ಕಾದಂಬರಿ ಯಾವುದನ್ನೂ ಎತ್ತಿಕೊಂಡಿಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ನಮ್ಮ ಕಡೆಯ ಬಸುರಿ ಹೆಂಗಸೊಬ್ಬಳು ಸಹಿ ಹಾಕಿದ ಎಚ್‌ಐವಿ ಪರೀಕ್ಷೆಯ ಒಪ್ಪಿಗೆ ಪತ್ರವನ್ನೇ ಪಠ್ಯ ಅಂತ ಓದ್ತೀನಿ. ಅವಳನ್ನು ಕೇಳಿಯೇ ಇದನ್ನ ಇಲ್ಲಿ ಹೇಳ್ತಿದ್ದೀನಿ.

ಪತ್ರ ಮರಾಠಿಯಲ್ಲಿದೆ. ಅವಳ ಮನೆಮಾತು ಕನ್ನಡ. ಮರಾಠಿ ಸಂತಿ ಲೆಕ್ಕಕ್ಕೆ ಸಾಕಾಗುವಷ್ಟು ಬರ್ತದ. ಪತ್ರದ ಮುಖ್ಯ ಪದ ‘ಗುಪ್ತತಾ’. ಫಲಿತಾಂಶ ಯಾರಿಗೂ ಹೇಳೋದಿಲ್ಲ ಅನ್ನೋ ಭರವಸೆ ಅದು. ಅವಳಿಗೆ ಕೇಳಿಸಿದ್ದು ‘ಗುಪ್ತರೋಗ’. “ನನಗ್ಯಾಕ ಅಂಥಾ ರೋಗ?” ಅಂತ ಎದ್ದು ನಿಂತಳಂತೆ. ಅರ್ಥ ಹೇಳೋಕೆ ಅತ್ತೆಯನ್ನ ಒಳಗೆ ಕರೆದರು. ಗುಟ್ಟು ಕಾಯ್ತೀವಿ ಅನ್ನೋ ಮಾತು ಅತ್ತೆಯ ಬಾಯಿಂದಲೇ ಬಂತು!

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ, ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ವಿವರಿಸಿದ ಮೇಲೆ ಕೊಟ್ಟದ್ದೇ ಒಪ್ಪಿಗೆ. ರಾಜ್ಯದ ಭಾಷೆ ಅಂತ ಅಲ್ಲಿಲ್ಲ. ಗರ್ಭಪಾತದ 1971ರ ಕಾಯ್ದೆಯಲ್ಲೂ ವಯಸ್ಕ ಹೆಣ್ಣಿನ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಆದರೆ ಗಂಡನೇ ದುಭಾಷಿ ಆದಾಗ, ಕಾಯ್ದೆ ಹೊರಗಿಟ್ಟ ಅವನ ಅನುಮತಿ ಮಾತಿನ ಮೂಲಕ ಒಳಗೆ ಬರ್ತದೆ.

ಹಾಗಾದ್ರೆ ಕರ್ನಾಟಕದ ಕರಪತ್ರ ತಂದ್ರೆ ಮುಗೀತಾ? ಇಲ್ಲ. ‘ಆಪ್ತಸಮಾಲೋಚನೆ’ ಅನ್ನೋ ಪದ ಅವಳಿಗೆ ಆ ಮರಾಠಿಯಷ್ಟೇ ದೂರ. “ಈ ಮಾತು ನಮ್ಮಿಬ್ಬರಾಗ ಇರ್ತದ, ಮನ್ಯಾಗ ಹೇಳೂದಿಲ್ಲ” ಅಂದಿದ್ರೆ ತಿಳೀತಿತ್ತು.

ಇದು ಬರೀ ಪದದ ಜಗಳ ಅಲ್ಲ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45, ಬಸಿರಿನಲ್ಲೇ ಪತ್ತೆಹಚ್ಚಿ ಔಷಧಿ ಕೊಟ್ಟರೆ ಶೇ. 5ಕ್ಕೂ ಕಡಿಮೆ. ಹೆದರಿ ಎದ್ದು ಹೋದವಳ ಕೂಸು ಯಾವ ಲೆಕ್ಕಕ್ಕೆ ಸೇರ್ತದೆ?

ಜತ್ತ ತಾಲ್ಲೂಕಿನ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ವರದಿ ಹೇಳಿತು. ಅಲ್ಲಿಂದ ಗಡಿನಾಡಿನ ನಮ್ಮ ಬರಹ ಹೆಚ್ಚಾಗಿ ಶಾಲೆ, ನಾಮಫಲಕ, ನಕಾಶೆ ಸುತ್ತಲೇ ತಿರುಗಿದೆ. ದವಾಖಾನೆಯ ಪರದೆ ಹಿಂದೆ ಕನ್ನಡ ಏನಾಯ್ತು ಅಂತ ನಾವು ಕೇಳಿದ್ದು ಕಡಿಮೆ. ಕೇಳಬೇಕಾದ್ದೂ ದೊಡ್ಡದೇನಲ್ಲ: ಅವಳ ಆಡುಮಾತು ಬಲ್ಲ, ಆದರೆ ಅವಳ ಮನೆಯವಳಲ್ಲದ ಒಬ್ಬ ಹೆಂಗಸು.

ವರದಿ ಏನು ಬಂತು ಅಂತ ನಾನು ಅವಳನ್ನ ಕೇಳಲಿಲ್ಲ, ಅದು ಅವಳದು. ಅತ್ತೆಗೆ ಮಾತ್ರ ಗೊತ್ತಿದೆ.