‘ಲೀವಿಂಗ್ ಹೋಮ್’: ಹಾಡಿನ ಮನೆ ಯಾವುದು?

ಶಾಸನಗಳ ಅಭ್ಯಾಸಿಗಳಿಗೆ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯು ಅಲ್ಲಿಯ ಅನಂತನಾಥ ಬಸದಿಯಿಂದ ಪರಿಚಿತವಾದ ಗ್ರಾಮ. ಆ ಊರಿನ ಮನೆಯೊಂದರ ಜಗಲಿಯಲ್ಲಿ, ಗೋಡೆಗೆ ಬಿಳಿಯ ಪಂಚೆಯನ್ನು ಕಟ್ಟಿ, ಕಳೆದ ಮಳೆಗಾಲದ ಒಂದು ಸಂಜೆ ನಾವು ಐದಾರು ಮಂದಿ ಒಂದು ಸಾಕ್ಷ್ಯಚಿತ್ರವನ್ನು ನೋಡಿದೆವು. ಬಸದಿಗೂ ಚಿತ್ರಕ್ಕೂ ಸಂಬಂಧವಿಲ್ಲ. ಆದರೆ ಚಿತ್ರವನ್ನು ಆ ಸೀಮೆಯಲ್ಲಿ ನೋಡಿದ್ದರಿಂದಲೇ ಅದರ ವಿಷಯದಲ್ಲಿ ನಮ್ಮ ಅಭಿಪ್ರಾಯವು ಬೇರೆಯಾಯಿತಾಗಿ ಸ್ಥಳವನ್ನು ಹೇಳಬೇಕಾಯಿತು.

ಜೈದೀಪ್ ವರ್ಮಾ ಅವರು ನಿರ್ದೇಶಿಸಿದ ‘ಲೀವಿಂಗ್ ಹೋಮ್’ ಚಿತ್ರವು ದೆಹಲಿಯ ‘ಇಂಡಿಯನ್ ಓಷನ್’ ಎಂಬ ರಾಕ್ ವಾದ್ಯವೃಂದವನ್ನು ಕುರಿತದ್ದು. 2010ರ ಏಪ್ರಿಲಿನಲ್ಲಿ ಅದು ಚಿತ್ರಮಂದಿರಗಳಲ್ಲಿಯೇ ತೆರೆಕಂಡಿತು; ಸಾಕ್ಷ್ಯಚಿತ್ರಗಳಿಗೆ ನಮ್ಮ ದೇಶದಲ್ಲಿ ಈ ಭಾಗ್ಯ ಒದಗುವುದು ಅಪೂರ್ವ. ವೃಂದವನ್ನು 1990ರಲ್ಲಿ ಆರಂಭಿಸಿದವರು ಗಿಟಾರಿನ ಸುಸ್ಮಿತ್ ಸೇನ್ ಮತ್ತು ತಬಲ ನುಡಿಸುತ್ತ ಹಾಡುವ ಅಸೀಮ್ ಚಕ್ರವರ್ತಿ. ಮುಂದೆ ಬಾಸ್ ಗಿಟಾರಿನ ರಾಹುಲ್ ರಾಮ್, ಡ್ರಮ್ಮಿನ ಅಮಿತ್ ಕಿಲಮ್ ಸೇರಿದರು. ಇವರಲ್ಲಿ ರಾಹುಲ್ ರಾಮ್ ಕನ್ನಡದ ಮನೆತನದವರು. ತಂದೆ ಸಸ್ಯವಿಜ್ಞಾನಿ ಹೆಚ್. ವೈ. ಮೋಹನರಾಮ್, ಅಜ್ಜ ವಾಗ್ಗೇಯಕಾರ ಹೆಚ್. ಯೋಗಾನರಸಿಂಹಂ, ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದ ಶಾರದಾಪ್ರಸಾದರು ದೊಡ್ಡಪ್ಪ. ಕೃತಿರಚನೆಯ ಮನೆಯಿಂದ ರಾಕ್ ಸಂಗೀತಕ್ಕೆ ನಡೆದ ಈ ದಾರಿ ಬೇರೊಂದು ಲೇಖನಕ್ಕೆ ತಕ್ಕ ವಸ್ತು.

ಚಿತ್ರದ ಮುಖ್ಯವಾದ ಗುಣವೆಂದರೆ ಅದು ಸಂಗೀತವನ್ನು ವೇದಿಕೆಯಲ್ಲಿ ಹುಡುಕದೆ ತಾಲೀಮಿನ ಕೋಣೆಯಲ್ಲಿ ಹುಡುಕಿರುವುದು. ದೆಹಲಿಯ ಕರೋಲ್‌ಬಾಗಿನ ಖಜೂರ್ ರಸ್ತೆಯ ಹಳೆಯ ಮನೆ ಅದು; ಅದರ ವಿಳಾಸವನ್ನೇ ಈ ವೃಂದವು 2010ರಲ್ಲಿ ತನ್ನ ಒಂದು ಧ್ವನಿಸಂಪುಟಕ್ಕೆ ಹೆಸರಾಗಿ ಇಟ್ಟುಕೊಂಡಿತು. ಸಭಿಕರಿಲ್ಲದ ಆ ಮನೆಯಲ್ಲಿ ನಾಲ್ವರೂ ನುಡಿಸುತ್ತಾರೆ. ಹಾಡಿನ ಬೆನ್ನಿಗೆ ಹಾಡಿನ ಕಥೆ, ಹಾಡಿದವರ ಕಥೆ ಬರುತ್ತವೆ. ಒಬ್ಬ ನಾಯಕನಿಲ್ಲದೆ ನಾಲ್ವರು ಸೇರಿ ಒಂದು ಹಾಡನ್ನು ಹೇಗೆ ಕಟ್ಟಿಯಾರು ಎಂಬುದು ಇಲ್ಲಿ ಚೆನ್ನಾಗಿ ಮನಸ್ಸಿಗೆ ಬರುತ್ತದೆ. ಅಸೀಮ್ ಚಕ್ರವರ್ತಿ ಚಿತ್ರ ತೆರೆಕಾಣುವ ಮೊದಲೇ, 2009ರ ಡಿಸೆಂಬರ್ 25ರಂದು, ತೀರಿಕೊಂಡರು. ಅವರು ಹಾಡುವುದನ್ನು ನೋಡುವಾಗ ಈ ತಿಳಿವಳಿಕೆಯು ವಿಮರ್ಶೆಯನ್ನು ಮೃದುಗೊಳಿಸುತ್ತದೆ. ಮೃದುವಾಗಬಾರದೆಂದೇನೂ ಇಲ್ಲ.

ನಮ್ಮ ತಕರಾರು ಹುಟ್ಟಿದ್ದು ಚಿತ್ರದ ಹೆಸರಿನಿಂದ. ‘ಲೀವಿಂಗ್ ಹೋಮ್’ ಎಂಬುದು 2000ದಲ್ಲಿ ಬಂದ ‘ಕಂದೀಸ’ ಸಂಪುಟದ ಒಂದು ರಚನೆಯ ಹೆಸರು. ನಮ್ಮೊಡನೆ ಕುಳಿತಿದ್ದ ಹಿರಿಯರೊಬ್ಬರು ಅದರ ಅರ್ಥವನ್ನು ಕೇಳಿದರು. ‘ಮನೆ ಬಿಟ್ಟು ಹೋಗುವುದು’ ಎಂದೆವು. ಸ್ವಲ್ಪ ಹೊತ್ತು ನೋಡಿ, “ಬಿಟ್ಟವರು ಯಾರು ಮಾರಾಯ್ರೆ? ಇವರು ಮನೆಯೊಳಗೇ ಕೂತಿದ್ದಾರಲ್ಲ!” ಎಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವಷ್ಟೆ. ಆಗ ಹುಡುಗರಾಗಿ ತಂದೆತಾಯಿಯರೊಡನೆ ಎತ್ತಿನ ಗಾಡಿಯಲ್ಲಿ ಈಚೆಗೆ ಬಂದವರು ಅವರು. ನಾ. ಡಿಸೋಜರ ‘ದ್ವೀಪ’ವನ್ನೂ, ಗಿರೀಶ ಕಾಸರವಳ್ಳಿಯವರು ಅದರಿಂದ 2002ರಲ್ಲಿ ಮಾಡಿದ ಚಿತ್ರವನ್ನೂ ಬಲ್ಲವರಿಗೆ ಈ ಮಾತಿನ ಹಿಂದಿರುವುದನ್ನು ವಿವರಿಸಬೇಕಾಗಿಲ್ಲ.

ಹಾಸ್ಯಕ್ಕೆ ಆಡಿದಂತಿದ್ದ ಆ ಮಾತು ‘ಮಾ ರೇವಾ’ ಹಾಡಿನ ಹೊತ್ತಿಗೆ ಗಂಭೀರವಾದ ಪ್ರಶ್ನೆಯಾಯಿತು. ರೇವಾ ಎಂದರೆ ನರ್ಮದೆ. ರಾಹುಲ್ ರಾಮ್ 1990ರ ದಶಕದ ಮೊದಲ ವರ್ಷಗಳಲ್ಲಿ ನರ್ಮದಾ ಆಂದೋಲನದಲ್ಲಿ ದುಡಿದವರು. ಆ ಕಣಿವೆಯ ಹಾಡು ಅವರೊಡನೆ ದೆಹಲಿಗೆ ಬಂದಿತು. ಚಿತ್ರದ ಲಕ್ಷ್ಯ ವಾದಕರಲ್ಲಿ ನೆಟ್ಟಿರುವುದರಿಂದ ಇದು ಒಬ್ಬ ವಾದಕನ ಜೀವನದ ಘಟನೆಯಾಗಿ ನಿಲ್ಲುತ್ತದೆ. ಆದರೆ ಮನೆ ಬಿಡಬೇಕಾಗಿದ್ದವರು ಆ ಹಾಡಿನ ಮೊದಲ ಒಡೆಯರು. ಸರ್ದಾರ್ ಸರೋವರವು 2017ರಲ್ಲಿ ಲೋಕಾರ್ಪಣೆಯಾಗಿ, 2019ರಲ್ಲಿ 138.68 ಮೀಟರಿನ ಪೂರ್ಣಮಟ್ಟಕ್ಕೆ ತುಂಬಿದ ಮೇಲೆ ನೋಡುವವನಿಗೆ ಈ ಅಂತರವು ಇನ್ನಷ್ಟು ಕಾಣುತ್ತದೆ. ಚಿತ್ರದ ಹೆಸರಿಗೆ ನಿಜವಾಗಿ ಸಲ್ಲಬೇಕಾದವರು ಚಿತ್ರದ ಅಂಚಿನಲ್ಲಿ ಉಳಿದರು ಎಂಬುದೇ ನಮ್ಮ ಆಕ್ಷೇಪ.

ವಾದ್ಯವೃಂದದ ಮೇಲೆ ಈ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಅವರು ಹಾಡನ್ನು ತಮ್ಮದೆನ್ನಲಿಲ್ಲ. ಅವರಿಂದಲೇ ಅದು ನರ್ಮದೆಯನ್ನು ಕಾಣದ ಎಷ್ಟೋ ಮಂದಿಯ ಕಿವಿಗೆ ಮುಟ್ಟಿತು. ಹಾಗೆ ನೋಡಿದರೆ ನಮ್ಮ ವಿಭಾಗಗಳು ಮಾಡಿದ್ದೂ ಇದೇ ಅಲ್ಲವೆ? ಜನಪದ ಗೀತೆಗಳನ್ನು ಅಚ್ಚಿಗೆ ತಂದ ನಮ್ಮ ಹಳೆಯ ಸಂಕಲನಗಳಲ್ಲಿ ಎಷ್ಟೋ ಕಡೆ ಸಂಪಾದಕರ ಹೆಸರು ದಪ್ಪಕ್ಷರದಲ್ಲಿದೆ, ಹಾಡಿದವಳ ಹೆಸರಿಲ್ಲ. ವಕ್ತೃವಿನ ಹೆಸರು, ಊರು, ವಯಸ್ಸನ್ನು ಬರೆಯಬೇಕೆಂದು ಇಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಸಾಕ್ಷ್ಯಚಿತ್ರಕ್ಕೂ ಆ ನಿಯಮವನ್ನು ಅನ್ವಯಿಸಿದರೆ ತಪ್ಪಾಗಲಾರದು.

ಚಿತ್ರ ಮುಗಿದ ಮೇಲೆ ಆ ಹಿರಿಯರು ನದಿಯ ಹಾಡನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಅವರ ತಾಯಿ ನೆಟ್ಟಿಯ ಕಾಲದಲ್ಲಿ ಹೇಳುತ್ತಿದ್ದ ಒಂದು ಹಾಡಿನ ಎರಡು ನುಡಿ ಅವರಿಗೆ ನೆನಪಿದ್ದವು, ಮುಂದಿನದು ಬರಲಿಲ್ಲ. ಆ ಎರಡು ನುಡಿಗಳನ್ನೂ ತಾಯಿಯ ಹೆಸರನ್ನೂ ಈಗ ನೀರಿನಲ್ಲಿರುವ ಊರಿನ ಹೆಸರನ್ನೂ ನಮ್ಮ ವಿದ್ಯಾರ್ಥಿಯೊಬ್ಬನು ಬರೆದುಕೊಂಡಿದ್ದಾನೆ. ಉಳಿದ ನುಡಿಗಳನ್ನು ಬಲ್ಲವರು ಹೊಸನಗರದ ಕಡೆ ಇರಬಹುದೆಂದು ಅವರು ಹೇಳಿದ್ದರಿಂದ ಬೇಸಿಗೆಯಲ್ಲಿ ಅತ್ತ ಹೋಗುವುದೆಂದು ನಿಶ್ಚಯಿಸಿದೆವು.