ಹಾರ್ನ್ ಟುಕ್ಕನ ನಿರುಕ್ತ: ‘ರೈಟ್’, ‘ಜಸ್ಟ್’, ‘ಲಾ’

ಆಂಗ್ಲಭಾಷೆಯ ಧರ್ಮಶಾಸನಸಂಬಂಧವಾದ ಶಬ್ದಗಳ ಮೂಲವನ್ನು ಶೋಧಿಸಿದವರಲ್ಲಿ ಜಾನ್ ಹಾರ್ನ್ ಟುಕ್ಕನಂತಹ ಸಾಹಸಿಗಳು ವಿರಳ. ಅಮೆರಿಕದ ಕದನದಲ್ಲಿ ಮಡಿದವರ ಕುಟುಂಬಗಳಿಗೆ ಚಂದಾ ಕೂಡಿಸುವ ಪ್ರಕಟಣೆಯನ್ನು ಹೊರಡಿಸಿದನೆಂದು 1777ರಲ್ಲಿ ಈತನ ವಿಚಾರಣೆ ನಡೆದು, ಒಂದು ವರ್ಷದ ಸೆರೆಯೂ 200 ಪೌಂಡು ಜುಲ್ಮಾನೆಯೂ ವಿಧಿಸಲ್ಪಟ್ಟುವು. ಆ ಮೊಕದ್ದಮೆಯ ಆರೋಪಪತ್ರದಲ್ಲಿದ್ದ ಕೆಲವು ಅವ್ಯಯಗಳ ಅರ್ಥವನ್ನು ಕುರಿತು ಆತನು 1778ರಲ್ಲಿ ಬರೆದ ಪತ್ರವೇ ಮುಂದೆ ‘ಡೈವರ್ಷನ್ಸ್ ಆಫ್ ಪರ್ಲಿ’ ಎಂಬ ಸಂವಾದಗ್ರಂಥಕ್ಕೆ ಬೀಜವಾಯಿತು. ಶಬ್ದಾರ್ಥವು ಮನುಷ್ಯನನ್ನು ಸೆರೆಗೆ ನೂಕಬಲ್ಲುದೆಂಬುದು ಆತನಿಗೆ ಬರಿಯ ಪುಸ್ತಕಜ್ಞಾನವಾಗಿರಲಿಲ್ಲ.

1805ರಲ್ಲಿ ಹೊರಬಂದ ಎರಡನೆಯ ಭಾಗವು ಮನುಷ್ಯನ ಹಕ್ಕುಗಳ ವಿಚಾರದಿಂದಲೇ ಮೊದಲಾಗುವುದು. ‘ರೈಟ್’ ಎಂಬುದು ಆಳು, ನಡೆಸು ಎಂಬರ್ಥದ ಲ್ಯಾಟಿನ್ ‘ರೆಗೆರೆ’ ಧಾತುವಿನ ಕೃದಂತವೆಂದೂ, ‘ಜಸ್ಟ್’ ಎಂಬುದು ಆಜ್ಞಾಪಿಸು ಎಂಬರ್ಥದ ‘ಯುಬೆರೆ’ಯಿಂದ ಬಂದುದೆಂದೂ, ‘ಲಾ’ ಎಂದರೆ ಇಡಲ್ಪಟ್ಟುದೆಂದೂ ಟುಕ್ಕನ ಮತ. ಆದುದರಿಂದ ಆಜ್ಞಾಪಿತವಾದುದೇ ‘ರೈಟ್’. ಒಬ್ಬನು ವಿಧಿಸಿ ಇನ್ನೊಬ್ಬನು ನಿಷೇಧಿಸಿದರೆ ಒಂದೇ ಕಾರ್ಯವು ಏಕಕಾಲದಲ್ಲಿ ನ್ಯಾಯವೂ ಅನ್ಯಾಯವೂ ಆಗಬಹುದು!

‘ಲಾ’ ವಿಷಯದಲ್ಲಿ ಆತನು ಹೇಳಿದುದು ಬಹುಮಟ್ಟಿಗೆ ಸರಿ. ಇಂಗ್ಲೆಂಡಿನಲ್ಲಿ ನೆಲಸಿದ ಡೇನರ ನುಡಿಯಿಂದ ಬಂದ ಈ ಶಬ್ದಕ್ಕೆ ಇಡು ಎಂಬುದೇ ಮೂಲಾರ್ಥ. ‘ಜಸ್ಟ್’ ವಿಷಯದಲ್ಲಿ ಎಡವಿದನು. ಅದು ‘ಯೂಸ್’ ಎಂಬ ನಾಮಪದದಿಂದ ಬಂದುದೇ ಹೊರತು ಆಜ್ಞಾರ್ಥಕ ಧಾತುವಿನಿಂದಲ್ಲ. ‘ರೈಟ್’ ಶಬ್ದದಲ್ಲಿಯಾದರೋ ದೋಷವು ಇನ್ನೂ ಆಳವಾದುದು. ಅದು ಲ್ಯಾಟಿನ್ನಿನ ಮಗಳಲ್ಲ, ಸೋದರಿ. ಹಳೆಯ ಇಂಗ್ಲಿಷಿನಲ್ಲಿಯೇ ‘ರಿಹ್ಟ್’ ಎಂದಿದ್ದಿತು. ‘ರೆಗೆರೆ’ಗೂ ನೆಟ್ಟಗೆ ನಡೆಸುವುದೆಂಬುದೇ ಪ್ರಾಚೀನಾರ್ಥ. ಕನ್ನಡಿಗರಿಗೆ ಪರಿಚಿತವಾದ ಸಂಸ್ಕೃತದ ‘ಋಜು’, ‘ರಾಜ’ ಶಬ್ದಗಳೂ ಇದೇ ವಂಶದವೆಂದು ಭಾಷಾಶಾಸ್ತ್ರಜ್ಞರು ಎಣಿಸುವರು. ಈ ಬಳಗದಲ್ಲಿ ಮೊದಲು ಕಾಣುವುದು ನೇರವೆಂಬ ಭಾವ. ಆಜ್ಞೆಯ ಭಾವವು ತರುವಾಯ ಬಂದುದು. ಸಂಸ್ಕೃತ ಲ್ಯಾಟಿನ್ನುಗಳ ಬಾಂಧವ್ಯವನ್ನು ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ ಸಾರಿದುದೂ, ಟುಕ್ಕನ ಗ್ರಂಥದ ಮೊದಲ ಭಾಗವು ಹೊರಟುದೂ 1786ರಲ್ಲಿಯೇ ಎಂಬುದು ವಿನೋದದ ಸಂಗತಿ.

ವ್ಯುತ್ಪತ್ತಿಯು ನಿರ್ದುಷ್ಟವಾಗಿದ್ದರೂ ಅದರಿಂದ ಅರ್ಥನಿರ್ಣಯವಾಗದು. ‘ಕಾನ್‌ಸ್ಟೇಬಲ್’ ಎಂದರೆ ಮೂಲತಃ ಲಾಯದ ಅಧಿಪತಿ. ಹಾಗೆಂದು ಠಾಣೆಯಲ್ಲಿ ಕುದುರೆಗಳನ್ನು ಹುಡುಕುವವರುಂಟೆ? ಟುಕ್ಕನಾದರೂ ತನ್ನ ಸೂತ್ರದಲ್ಲಿ ನಿಲ್ಲಲಾರದೆ ಹೋದನು. ಇಂಗ್ಲೆಂಡಿನ ಶಾಸನಗಳು ದೇವರ ಮತ್ತು ಪ್ರಕೃತಿಯ ನಿಯಮಗಳಿಗೆ ಹೊಂದಿರುವುದರಿಂದಲೇ ತನಗೆ ಪೂಜ್ಯವೆಂದು ಒಪ್ಪಿದನು. ಆಜ್ಞೆಯನ್ನು ಅಳೆಯಲು ಆಜ್ಞೆಯಾಚೆಗೆ ಒಂದು ಮಾನದಂಡವನ್ನು ಅರಸಿದ ಈ ಗಳಿಗೆಯಲ್ಲಿ, ಆತನು ನಿರುಕ್ತದಿಂದ ಹೊರಗಟ್ಟಿದ್ದ ‘ಋಜು’ವೇ ಮರಳಿ ಬಂದಂತಾಯಿತು.